ಮೊಡವೆಯ ಪಾಠ ಮಾಡಿದ ಮೇಡಂ

ಡೆಂಕಣಿಕೋಟೆಯ ಶಾಲೆಯಲ್ಲಿ ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದ ಮೇಡಂ, ಏನು ವಿವರಿಸಿದರೂ ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು "ಗೊತ್ತಿರೋದಿಷ್ಟು" ಎನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಹೀಗೆ ಸಂಕೋಚವಿಲ್ಲದೆ ಒಪ್ಪಿಕೊಳ್ಳುವ ಇನ್ನೊಬ್ಬ ಟೀಚರನ್ನು ನಾನು ಕಂಡಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಮುಖದ ತುಂಬ ಮೊಡವೆ. ಮೇಡಂ ಒಂದು ದಿನ ಚರ್ಮದ ಎಣ್ಣೆ ಗ್ರಂಥಿಯ ಚಿತ್ರ ಬರೆದು, ಅದರ ಜೀವಕೋಶಗಳಿಗೆ ಅಯಾನು ಚಾನೆಲ್ ಎಂಬ ಪುಟ್ಟ ಬಾಗಿಲುಗಳಿವೆ, ಕ್ಯಾಲ್ಸಿಯಂ ಕಣಗಳು ಅಲ್ಲಿಂದ ಒಳಹೋಗುತ್ತವೆ, ಎಣ್ಣೆ ಹೆಚ್ಚುಕಡಿಮೆಯಾಗುವುದರಲ್ಲಿ ಅವುಗಳ ಪಾತ್ರವೂ ಇರಬಹುದು ಎಂದರು. ಅದನ್ನೇ ಮನೆಯಲ್ಲಿ ಒಪ್ಪಿಸಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯೆಂದು ಅಂಗನವಾಡಿಯಲ್ಲಿ ಕೇಳಿದ್ದ ಅವ್ವ ಅಂದಿನಿಂದಲೇ ನನಗೆ ಮುದ್ದೆ ನಿಲ್ಲಿಸಿದಳು.

ವಾರದ ನಂತರ, ಕ್ಲಾಸಿನಲ್ಲಿ ನನ್ನ ಹೊಟ್ಟೆ ಗುರುಗುಟ್ಟಿದ್ದು ಕೇಳಿ ಕಾರಣ ವಿಚಾರಿಸಿದ ಮೇಡಂ, ಸಂಜೆ ಮನೆಗೇ ಬಂದರು.

"ತಪ್ಪು ನಂದೇ ಕಣಕ್ಕ, ಅರ್ಧಂಬರ್ಧ ಹೇಳ್ಬುಟ್ಟೆ. ರಾಗಿ ತಿಂದ್ರೆ ಆ ಬಾಗ್ಲು ತೆರ್ಕೊಳ್ಳಲ್ಲ."

"ಮತ್ತೆ ಮೊಡವೆ ಯಾತುಕ್ ಬತ್ತೈತೆ ಮೇಡಂ?" ಅವ್ವ ಬಿಡಲಿಲ್ಲ.

"ಪೂರ್ತಿ ಯಾರ್ಗೂ ಗೊತ್ತಿಲ್ಲ."

ಅವ್ವ ತಮಗೆ ಬಡಿಸಿದ್ದ ಮುದ್ದೆಯನ್ನು ಮೇಡಂ ಮುರಿದು ಅರ್ಧ ನನ್ನ ತಟ್ಟೆಗಿಟ್ಟರು. "ಹುಡ್ಗಿಗೆ ಹಸಿವಾಗೈತೆ. ಗೊತ್ತಿರೋದಿಷ್ಟು."