ನೆಗೆಣ್ಣಿಯ ಹಣೆಗೆ ಭಂಡಾರ

ನನ್ನ ಮಗಳು ಸತ್ತಾಗ ಅವಳ ಮಗಳು ಹತ್ತನೆಯ ಇಯತ್ತೆಯಲ್ಲಿದ್ದಳು. ನಿದ್ದೆ ಬಿಟ್ಟಳು, ರಾತ್ರಿ ಚೀರುತ್ತಿದ್ದಳು. ದೆವ್ವ ಬಡಿದಿದೆ ಎಂದವರನ್ನೆಲ್ಲ ಬಾಗಿಲಿಂದಾಚೆ ಕಳಿಸಿ, ಚಿಕ್ಕೋಡಿಯ ದವಾಖಾನೆಗೆ ಕರೆದುಕೊಂಡು ಹೋದೆ. ಗುಳಿಗೆ ನುಂಗಿದಳು, ಆರಾಮಾದಳು.

ಮುಂದೆ ಪೊಲೀಸ್ ಭರ್ತಿಗೆ ಓಡಿದಳು, ಪರೀಕ್ಷೆ ಬರೆದಳು, ಪಾಸಾದಳು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ನನ್ನ ನೆಗೆಣ್ಣಿಯದು, ಮೈದುನನ ಹೆಂಡತಿ. ಅವಳ ಮಗನೂ ಹೋಗಿದ್ದ, ಓಟದಲ್ಲೇ ಸೋತು ಬಂದ. ಆ ಉರಿ ಅವಳ ಹೊಟ್ಟೆಯಲ್ಲಿತ್ತು. ಹುಡುಗಿಯ ನಡತೆ ವಿಚಾರಿಸಲು ಠಾಣೆಯಿಂದ ಪೊಲೀಸಪ್ಪ ಬಂದ ದಿನ ನಾನು ಆಡು ಹೊಡೆದುಕೊಂಡು ಹೋಗಿದ್ದೆ. ನೆಗೆಣ್ಣಿ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕುಡಿಸಿ ಹೇಳಿದಳು:

"ತಲಿ ಸರಿ ಇಲ್ರಿ ಅಕಿದು. ಈಗೂ ರಾತ್ರಿ ಚೀರತಾಳ. ಕೈಯಾಗ ಬಂದೂಕ ಕೊಟ್ರ ಯಾರನ್ನ ಹೊಡಿತಾಳೋ!"

ಕೇಳಿಸಿಕೊಂಡವರು ಸಂಜೆಯೇ ಬಂದು ನನಗೆ ಹೇಳಿದರು.

ಅದನ್ನು ಓದಿದ ಭರ್ತಿಯ ಸಾಹೇಬರು ಹುಡುಗಿಯನ್ನು ಬೆಳಗಾವಿಯ ಮನಸ್ಸಿನ ಡಾಕ್ಟರ ಬಳಿ ಕಳಿಸಿದರು. ನಾನೂ ಹೋದೆ. ನಿದ್ದೆ ಬರುತ್ತದೆಯೋ, ಸಿಟ್ಟು ಬರುತ್ತದೆಯೋ, ಸಾಯಬೇಕು ಅನ್ನಿಸಿತ್ತೋ ಎಂದೆಲ್ಲ ಕೇಳಿದರಂತೆ. ಹುಡುಗಿ ಗುಳಿಗೆಯ ಸಂಗತಿಯನ್ನೂ ಮುಚ್ಚಲಿಲ್ಲ. ಕೊನೆಗೆ ಡಾಕ್ಟರು ನನ್ನನ್ನು ಒಳಗೆ ಕರೆದು, "ಗುಳಿಗೆ ತಗೊಂಡದ್ದು ತಪ್ಪಲ್ಲ ಅಜ್ಜಿ. ಆದರೆ ಈಗಲೂ ಚೀರ್ತಾಳೆ ಅಂತ ಠಾಣೆಯವರು ಬರೆದಿದ್ದಾರೆ. ಮತ್ತೊಮ್ಮೆ ವಿಚಾರಿಸಿ ಕಳಿಸಲಿ, ಆಮೇಲೆ ನಾನು ಬರೀತೀನಿ" ಎಂದರು.

ಬಸ್ಸಿನಲ್ಲಿ ಹುಡುಗಿ ಅತ್ತಳು. "ಆಯಿ, ಗುಳಿಗಿ ನುಂಗೇ ಇಲ್ಲ ಅನಬೇಕಿತ್ತೇನ?"

"ಸುಳ್ಳ ಹೇಳಾಕ ನಮ್ಮ ಮನಿತನದಾಗ ಒಬ್ಬಾಕಿ ಸಾಕು" ಎಂದೆ.

ನೆಗೆಣ್ಣಿಗೆ ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಮೈಮೇಲೆ ದೇವಿ ಬರುತ್ತಾಳೆ. ಓಣಿಯ ಮಂದಿ ಹೇಳಿಕೆ ಕೇಳಲು ಅವಳ ಅಂಗಳದಲ್ಲಿ ಕೂಡುತ್ತಾರೆ. ದೇವಿ ಮೈಬಿಟ್ಟು ಇಳಿಯಬೇಕಾದರೆ ಮನೆತನದ ಹಿರಿಯ ಸೊಸೆ ಹಣೆಗೆ ಭಂಡಾರ, ದೇವಿಯ ಅರಿಶಿನ ಪುಡಿ, ಹಚ್ಚಬೇಕು. ಹಿರಿಯ ಸೊಸೆ ನಾನು. ಹಚ್ಚುವ ಮೊದಲೇ ಅವಳು ತಾನಾಗಿ ಕುಣಿತ ನಿಲ್ಲಿಸಿದಳೋ, ದೇವಿ ಬಂದೇ ಇರಲಿಲ್ಲ ಎಂದಾಗುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಮತ್ತೆ ಯಾವಾಗ ಬರಲಿ ಎಂದು ಪೊಲೀಸಪ್ಪ ಫೋನ್ ಮಾಡಿದ. "ಅಮಾಸಿ ಮಧ್ಯಾಹ್ನ ಬರ್ರಿ ಸಾಹೇಬ್ರ. ಓಣಿ ಮಂದಿ ಎಲ್ಲಾ ಒಂದ ಕಡೆ ಸಿಗತಾರ" ಎಂದೆ.

ಬಂದ. ನೆಗೆಣ್ಣಿ ಕೂದಲು ಬಿಚ್ಚಿ, ಹಲ್ಲು ಕಡಿದು, ಚೀರಿ ಚೀರಿ ಎಲ್ಲರಿಗೂ ಹೇಳಿಕೆ ಕೊಟ್ಟಳು. ಮುಗಿದ ಮೇಲೆ ನನ್ನ ಕಡೆ ಹಣೆ ಒಡ್ಡಿದಳು. ನಾನು ಭಂಡಾರದ ಮುಷ್ಟಿ ಬಿಚ್ಚಲಿಲ್ಲ.

"ತಾಯಿ, ನಂದೊಂದ ಮಾತು ಉಳದೈತಿ. ನನ್ನ ಮೊಮ್ಮಗಳಿಗೆ ಹುಚ್ಚ ಐತೇನ?"

"ಭಂಡಾರ ಹಚ್ಚ!" ದೇವಿ ಗುಡುಗಿದಳು.

"ಹಚ್ಚತೀನಿ. ಮೊದಲ ಹೇಳು. ಚೀರೂದು ಹುಚ್ಚಾದ್ರ ಈಗ ಚೀರಾಕತ್ತಾಕಿ ಯಾರು? ಸಾಹೇಬ್ರು ಇಲ್ಲೇ ಕುಂತಾರ, ಬರಕೋತಾರ."

ಮುದುಕನೊಬ್ಬ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ಹಿಂದಿನಿಂದ ಯಾರೋ, "ಹಚ್ಚ ಬೇ, ದಣದಾಳ" ಎಂದರು.

"ದಣಿಲಿ" ಎಂದೆ.

ಅವಳ ಕುಪ್ಪಸ ಬೆವರಿಗೆ ತೊಯ್ದಿತ್ತು. ಕಾಲು ಸೋಲುತ್ತಿದ್ದವು, ಆದರೂ ಕುಣಿಯಲೇಬೇಕು. ನಾನು ನೋಡುತ್ತ ನಿಂತೆ. ನನಗೇನೂ ಅವಸರವಿರಲಿಲ್ಲ.

"ಹುಚ್ಚಿಲ್ಲ!" ಎಂದು ಕಡೆಗೆ ತನ್ನ ಎದೆಯನ್ನೇ ಬಡಿದುಕೊಂಡಳು. "ನಾ ಮೈಮ್ಯಾಲ ಬಂದ ಈ ಕೂಸು ಹೊಟ್ಟಿಕಿಚ್ಚಿಗೆ ಸುಳ್ಳ ಹೇಳೈತಿ!"

ಹಚ್ಚಿದೆ. ಕಣ್ಣಿಗೂ ಒಂದಿಷ್ಟು ಹೋಗಲಿ ಎಂದು ಬಲವಾಗಿಯೇ ಹಚ್ಚಿದೆ.

ಅವಳು ನೀರು ಕುಡಿಯುವ ತನಕ ಪೊಲೀಸಪ್ಪ ಕಾದ. "ದೇವಿ ಮಾತು ನಾ ಬರಿಯಾಕ ಬರಂಗಿಲ್ಲ. ನೀವ ಹೇಳ್ರಿ, ಹುಡುಗಿ ಈಗ ಚೀರತಾಳೇನ?"

ಓಣಿಯೆಲ್ಲ ಅವಳ ಬಾಯಿ ನೋಡುತ್ತಿತ್ತು. "ಇಲ್ರಿ" ಎಂದಳು.

ಉಳಿದವರೂ ಅದನ್ನೇ ಹೇಳಿದರು. ಡಾಕ್ಟರು ಹುಡುಗಿ ಸರಿಯಾಗಿದ್ದಾಳೆ ಎಂದು ಬರೆದುಕೊಟ್ಟರು. ಅವಳು ಟ್ರೇನಿಂಗಿಗೆ ಹೋದಳು.

"ಸಾಕ ಮಾಡ ಬೇ, ನೌಕರಿ ಸಿಕ್ತಲ್ಲ" ಎನ್ನುತ್ತಾರೆ ಓಣಿಯವರು. ನೌಕರಿ ಸಿಕ್ಕಿದ್ದು ಹುಡುಗಿಗೆ. ನನ್ನ ಲೆಕ್ಕ ಬೇರೆ. ಮುಂದಿನ ಅಮಾವಾಸ್ಯೆ ನೆಗೆಣ್ಣಿ ಅಂಗಳ ಸಾರಿಸಿ, ರಂಗೋಲಿ ಹಾಕಿ, ಚಾಪೆ ಹಾಸಿ ಕುಳಿತಳು. ಯಾರೂ ಬರಲಿಲ್ಲ. ನಾನು ನನ್ನ ಕಟ್ಟೆಯ ಮೇಲೆ ಕುಳಿತು, ಅವಳು ಚಾಪೆ ಸುತ್ತಿಡುವ ತನಕ ನೋಡಿದೆ. ಆಮೇಲೆ ಒಳಗೆ ಹೋಗಿ ಹೊಟ್ಟೆ ತುಂಬ ಉಂಡೆ.