ದುರ್ಗಮ್ಮನ ಅಪ್ಪ ಜೀನನಲ್ಲ

“ನಮ್ಮಪ್ಪನ್ನ ಜೀನ ಅಂದ್ರೆ ನಾ ಕೇಳ್ಕಂಡು ಇರೂದಿಲ್ಲ, ಹೇಳ್ಬಿಟ್ಟೆ. ದೋಣಿ ದಡಕ್ಕೆ ಬಂದ್ರೆ ಮೊದ್ಲು ಕೇರಿಗೆಲ್ಲ ಬಂಗಡೆ ಮೀನು ಹಂಚಿ, ಉಳಿದದ್ದು ಮನೆಗೆ ತರ್ತಿದ್ದ. ಅವಂಗೆ ಜಿಪುಣ ಅಂತ್ಯಾ? ಹೌದು, ಮಳೆಗಾಲ ಬಂದ್ರೆ ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದ. ಅವ್ವಿ ಇಟ್ಟ ಗಂಜಿ ಹಾಗೇ ತಣೀತಿತ್ತು. ಅದು ಜೀನತನ ಅಲ್ಲ ಮಗಾ, ಬೇಜಾರ. ನಂಗೂ ಈಗ ಅದೇ. ಎದ್ದು ಬಾಯಿ ತೊಳಿಯೂಕೂ ಬೇಜಾರ.”

ಕುಮಟಾದ ದುರ್ಗಮ್ಮ ಹಾಸಿಗೆಯಲ್ಲೇ ಮೊಣಕೈ ಊರಿ ಇಷ್ಟು ಹೇಳುವಷ್ಟರಲ್ಲಿ, ಹೊನ್ನಾವರದಲ್ಲಿ ಮನಃಶಾಸ್ತ್ರ ಓದುವ ಮೊಮ್ಮಗಳು ಶ್ರೇಯಾ ನಗು ತಡೆಯಲು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಜೀನ ಅಲ್ಲ ಅಜ್ಜಿ, ಜೀನು! ರಕ್ತದಲ್ಲಿ ಬರೂದು. ನಿನ್ನ ಮೂಗು ನಿನ್ನಪ್ಪಂದು. ಹಾಗೇ ಈ ಖಿನ್ನತೆನೂ ಸ್ವಲ್ಪ ಅವರಿಂದ ಬಂದಿರ್ಬಹುದು.”

“ಮೂಗೊಂದೇ ಸಾಕಿತ್ತು.”

ಮೀನು ಪೇಟೆಯ ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗಿ ಮೀನು ಮಾರಿದವಳು ದುರ್ಗಮ್ಮ. ಹೋದ ತಿಂಗಳಿಂದ ಬುಟ್ಟಿ ಮುಟ್ಟಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ತಪ್ಪದೆ ನುಂಗುತ್ತಿದ್ದಳು. ಗುಣ ನಿಧಾನ ಎಂದು ಅವರೇ ಹೇಳಿದ್ದರು. ಮತ್ತೆ ಪೇಟೆಯಲ್ಲಿ ಕೂತು ಕೂಗುವ ದಿನ ಬರುತ್ತದೋ ಇಲ್ಲವೋ ಎಂಬುದೊಂದೇ ಅವಳ ಹೆದರಿಕೆ.

“ಇನ್ನೊಂದು ವಾದ ಅದೆ,” ಎಂದಳು ಶ್ರೇಯಾ. “ಹಿಂದಿನ ಕಾಲದಲ್ಲಿ ಪೆಟ್ಟು ಬಿದ್ದಾಗ ಮೂಲೆ ಸೇರಿ ಸುಮ್ಮನಿದ್ದ ಮನುಷ್ಯರು ಬದುಕಿ ಉಳಿದ್ರಂತೆ. ಆ ಅಭ್ಯಾಸ ನಮ್ಮ ಮೈಯಲ್ಲಿ ಇನ್ನೂ ಅದೆ ಅಂತ ಕೆಲವರು ಹೇಳ್ತಾರೆ.”

“ಬಳಚು ಚಿಪ್ಪು ಮುಚ್ಕಂಡ ಹಾಗೆ?”

“ಹ್ಞೂಂ, ಹಾಗೇ.”

“ಮುಚ್ಕಂಡದ್ದನ್ನೂ ಬೇಯಿಸಿ ತಿಂತ್ರಲ್ಲೆ ನೀವು!”

ಅಷ್ಟರಲ್ಲಿ, ಹೊರಗಿನಿಂದಲೇ ಮಾತು ಕೇಳಿಸಿಕೊಂಡಿದ್ದ ಮಾದೇವಿ ಮೀನಿನ ಬಕೆಟ್ಟು ಹಿಡಿದು ಒಳಗೇ ಬಂದಳು. ಪೇಟೆಯಲ್ಲಿ ದುರ್ಗಮ್ಮನ ಎದುರಿಗೆ ಕೂತು, ದಿನವೂ ಅವಳೊಡನೆ ಜಗಳವಾಡುವವಳು.

“ಏ ದುರ್ಗಿ, ಜೀನೂ ಅಲ್ಲ ಬಳಚೂ ಅಲ್ಲ. ಹಗಲೆಲ್ಲ ಒಬ್ಬಳೇ ಬಿದ್ಕಂಡ್ರೆ ಯಾರಿಗೂ ತಲೆ ಕೆಡ್ತದೆ. ಬೈಯೂಕೆ ನೀನಿಲ್ದೆ ನಂಗೇ ಊಟ ಸೇರೂದಿಲ್ಲ.”

“ನನ್ನ ಜಾಗದಲ್ಲಿ ಯಾರು ಕೂತಾರೆ?”

“ನಾ ಯಾರನ್ನ ಕೂರಿಸ್ತೆ? ಅಲ್ಲೊಂದು ಬುಟ್ಟಿ, ಇಲ್ಲೊಂದು ಬುಟ್ಟಿ ಇಟ್ಟು ಎರಡೂ ಕಡೆ ನಾನೇ ಕೂಗ್ತೆ. ಗಂಟಲು ಬಿದ್ದೋತು.”

“ಇವತ್ತು ಪೇಟೆಗೆ ಬರೂಕಾಗೂದಿಲ್ಲ ಮಾದೇವಿ. ನಾಳೆದೂ ಹೇಳೂಕಾಗೂದಿಲ್ಲ.”

“ಪೇಟೆಗೆ ಕರೆದವ್ರು ಯಾರು? ಮೀನು ಕೊಯ್ಯೂಕೆ ಕರೆದೆ.”

“ಆತು.”

ದುರ್ಗಮ್ಮ ಗೋಡೆ ಹಿಡಿದು ಎದ್ದಳು. ಹಿತ್ತಿಲ ಬಾಗಿಲಲ್ಲಿ ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಕೂತು, ಬಕೆಟ್ಟಿನಿಂದ ಒಂದು ಬಂಗಡೆ ಎತ್ತಿ, ಕಿವಿರು ಕಿತ್ತು, ಹೊಟ್ಟೆ ಸೀಳಿದಳು. ಮಾದೇವಿ ನೀರು ಹೊಯ್ದಳು. ತೊಳೆದದ್ದನ್ನು ಪಾತ್ರೆಗೆ ಹಾಕಿ ದುರ್ಗಮ್ಮ ಇನ್ನೊಂದಕ್ಕೆ ಕೈಚಾಚಿದಳು.