ಎಲ್ಡನ್‌ನ ಕುದುರೆಗಳಿಗೆ ಕಲಸಿದ ಕಾಳು

ನೆಬ್ರಾಸ್ಕಾದ ಲೂಪ್ ನದಿಯ ಬಯಲಿನಲ್ಲಿ ಮಾಂಸದ ದನ ಸಾಕುವವರು ಮೇವಿನ ಗಿರಣಿಯ ಮುಂದೆ ಗಾಡಿ ನಿಲ್ಲಿಸಿದರೆ ಮೊದಲು ಕೇಳುತ್ತಿದ್ದುದು, "ಡೊರೀನ್ ಇದ್ದಾಳಾ?" ಎಂದು. ಗಿರಣಿ ಹಾರ್ಲನ್ ಎಂಬಾತನದು. ಆದರೆ ಕಾಳು ಕಲಸುವ ಯಂತ್ರಕ್ಕೆ ಯಜಮಾನಿ ಡೊರೀನ್ ಕೊಜಿಸೆಕ್. ಆವಿಯಲ್ಲಿ ಬೇಯಿಸಿ ಚಪ್ಪಟೆ ಮಾಡಿದ ಮೆಕ್ಕೆಜೋಳ, ಸೋಯಾ ಹಿಂಡಿ, ಉಪ್ಪು, ಮೇಲೊಂದಿಷ್ಟು ಕಾಕಂಬಿ. ಎಲ್ಲ ಬೆರೆತ ಮೇಲೆ ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ಬಿಡುತ್ತಿದ್ದಳು. ಉಂಡೆ ಹಾಗೇ ನಿಂತರೆ ಕಾಕಂಬಿ ಹೆಚ್ಚಾಯಿತು, ಪೂರ್ತಿ ಉದುರಿದರೆ ಸಾಲದು.

"ಇನ್ನೊಂಚೂರು ಜೋಳ ಸುರಿ ಡೊರೀನ್, ಬೇಗ ಕೊಬ್ಬಲಿ," ಎಂದು ಯಾರಾದರೂ ಪೀಡಿಸಿದರೆ ಅವಳು ಒಪ್ಪುತ್ತಿರಲಿಲ್ಲ.

"ಮೊನ್ನೆ ತಾನೆ ಹುಲ್ಲು ಬಿಟ್ಟು ಬಂದ ಕರುಗಳಪ್ಪಾ ಅವು. ಒಂದೇ ಸಲಕ್ಕೆ ಅಷ್ಟು ಜೋಳ ಹಾಕಿದ್ರೆ ಹೊಟ್ಟೆ ಹುಳಿಯಾಗಿ ಬಿದ್ಕೋತವೆ. ನಿನಗೆ ದಿನಾ ಮೂರು ಹೊತ್ತೂ ಮದುವೆ ಊಟ ಹಾಕಿದ್ರೆ ಏನಾಗ್ತಿದ್ದೆ?"

"ಹಾಕಿದ್ದಾರಲ್ಲ, ಹೊಟ್ಟೆ ನೋಡು!"

ಅವಳ ಅಣ್ಣ ಎಲ್ಡನ್ ಮಾತ್ರ ಗಿರಣಿಗೆ ಬಂದರೆ ದನಗಳ ಮಾತೇ ಎತ್ತುತ್ತಿರಲಿಲ್ಲ. ಅವನ ಮಾತೆಲ್ಲ ಕುದುರೆಗಳದು. ಫ್ಲೋರಾ, ಬಾರ್ನಿ ಎಂಬ ಬೆಲ್ಜಿಯನ್ ತಳಿಯ ಜೋಡಿ, ಒಂದೊಂದೂ ಗುಡ್ಡದಂಥದ್ದು. ಚಳಿಗಾಲದಲ್ಲಿ ಟ್ರ್ಯಾಕ್ಟರುಗಳೆಲ್ಲ ಕೆಮ್ಮುತ್ತ ನಿಂತರೂ ಎಲ್ಡನ್ ಆ ಜೋಡಿಯನ್ನು ಜಾರುಬಂಡಿಗೆ ಕಟ್ಟಿ ಹಿಮದ ಮೇಲೆಯೇ ದನಗಳಿಗೆ ಹುಲ್ಲು ಸಾಗಿಸುತ್ತಿದ್ದ. ಮದುವೆಯಾಗದ ಮನುಷ್ಯ. "ಕಟ್ಟಿಕೊಂಡಿದ್ದು ಕುದುರೆನೇ" ಎಂದು ಊರವರು ತಮಾಷೆ ಮಾಡಿದರೆ, "ತಿರುಗಿ ಮಾತಾಡಲ್ಲ ನೋಡು, ಅದಕ್ಕೆ" ಎನ್ನುತ್ತಿದ್ದ.

ದನಗಳ ಕಾಳಿಗೆ ಒಂದು ಔಷಧಿ ಪುಡಿ ಬೀಳುತ್ತಿತ್ತು, ತಿಂದದ್ದು ಮೈಗೆ ಹತ್ತಲೆಂದು. ದನಕ್ಕೆ ಒಳ್ಳೆಯದಾದ ಅದು ಕುದುರೆಗೆ ವಿಷ. ನೇರ ಗುಂಡಿಗೆಗೇ ಹಿಡಿಯುತ್ತದೆ. ಆದ್ದರಿಂದ ದನದ ಕಾಳು ಕಲಸಿದ ಮೇಲೆ ಬರೀ ಜೋಳವನ್ನು ಯಂತ್ರದಲ್ಲಿ ಓಡಿಸಿ ಒಳಗಿದ್ದುದನ್ನೆಲ್ಲ ಹೊರಗೆ ಹಾಕಬೇಕು, ಆಮೇಲಷ್ಟೇ ಕುದುರೆಯ ಓಟ್ಸಿಗೆ ಕೈಹಚ್ಚಬೇಕು. ಗಿರಣಿಗೆ ಹೊಸಬರು ಬಂದಾಗ ಡೊರೀನ್ ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತಿದ್ದ ಪಾಠವೇ ಇದು.

ಆ ಮಾರ್ಚಿನಲ್ಲಿ ಭಾರಿ ಹಿಮಗಾಳಿ ಬರುತ್ತದೆಂದು ರೇಡಿಯೋದಲ್ಲಿ ಬೆಳಗಿನಿಂದ ಒದರುತ್ತಿದ್ದರು. ಗಿರಣಿಯ ಮುಂದೆ ರಸ್ತೆಯ ತನಕ ಗಾಡಿಗಳ ಸಾಲು. ಡೊರೀನ್‌ಗೆ ಊಟಕ್ಕೂ ಬಿಡುವಾಗಲಿಲ್ಲ. ಕೊನೆಯ ದನದ ಕಾಳು ತುಂಬಿ ಕಳಿಸುವ ಹೊತ್ತಿಗೆ ಪಡುವಣದ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಆಗ ಬಂದ ಎಲ್ಡನ್.

"ಬೇಗ ಮಾಡೇ ಡೊರೀನ್, ದಾರಿ ಮುಚ್ಚಿಬಿಡತ್ತೆ. ದನಗಳಿನ್ನೂ ಬಯಲಲ್ಲೇ ಇವೆ."

"ಜೋಳ ಓಡಿಸಿ ಯಂತ್ರ ತೊಳೀಬೇಕು ಕಣೋ, ಸ್ವಲ್ಪ ತಾಳು."

"ತಾಳೋಕೆ ಹೊತ್ತೆಲ್ಲಿದೆ? ಆಕಾಶ ನೋಡಿದ್ಯಾ?"

ಅವಳು ಆಕಾಶ ನೋಡಿದಳು. ಯಂತ್ರದೊಳಕ್ಕೂ ಬಗ್ಗಿ ನೋಡಿದಳು. ಖಾಲಿಯಾಗಿಯೇ ಕಂಡಿತು. ಒಳಗಿದ್ದಷ್ಟನ್ನು ಪೊರಕೆಯಿಂದ ಗುಡಿಸಿ ಓಟ್ಸ್ ಸುರಿದುಬಿಟ್ಟಳು. ಕಾಕಂಬಿಗೆ ಅಂಟಿ ತಳದ ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದ ಪುಡಿ ಆ ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಬೀಳಲಿಲ್ಲ.

ಗಾಳಿ ನಿಂತು ದಾರಿ ತೆರೆದ ಮೇಲೆ ಎಲ್ಡನ್ ಫೋನ್ ಮಾಡಿದ. ಬಾರ್ನಿ ಮೈಯೆಲ್ಲ ಬೆವೆತು ಹಿಂಗಾಲು ಎಳೆಯುತ್ತಿದೆ, ಫ್ಲೋರಾ ಮೂತಿ ಎತ್ತುತ್ತಿಲ್ಲ, ದನದ ಡಾಕ್ಟರಮ್ಮ ಬಂದಿದ್ದಾರೆ. "ಕಾಳು ಏನು ಹಾಕಿದ್ರಿ ಅಂತ ಕೇಳ್ತಿದ್ದಾರೆ ಕಣೇ. ಏನಂತ ಹೇಳ್ಲಿ?"

ಫೋನ್ ಇಟ್ಟ ಡೊರೀನ್ ಅಂದು ಯಂತ್ರ ಸ್ವಚ್ಛ ಮಾಡದೆ ಕಲಸಿದ್ದನ್ನು ಹೇಳಿದಳು. ಹಾರ್ಲನ್ ಪಕ್ಕದಲ್ಲಿದ್ದ. "ಈಗಲೇ ಏನೂ ಬಾಯಿ ಬಿಡಬೇಡಮ್ಮಾ. ಪರೀಕ್ಷೆ ಆಗ್ಲಿ, ಬೇರೆ ಏನಾದ್ರೂ ಇದ್ದರೂ ಇರಬಹುದು," ಎಂದ. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಕೋಟನ್ನೂ ಹಾಕಿಕೊಳ್ಳದೆ ಗಾಡಿ ಹತ್ತಿ ಅಣ್ಣನ ಕೊಟ್ಟಿಗೆಗೆ ಹೋದಳು. ಡಾಕ್ಟರಮ್ಮನ ಎದುರಿನಲ್ಲೇ ಹೇಳಿದಳು: "ನಾನು ತೊಳೀಲಿಲ್ಲ. ದನದ ಕಾಳು ಕಲಸಿದ ಯಂತ್ರದಲ್ಲೇ ಹಾಕಿಕೊಟ್ಟೆ."

ಎಲ್ಡನ್ ಬಾರ್ನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಲೆಯೆತ್ತಲಿಲ್ಲ. "ನಾನೇ ಅವಸರ ಮಾಡಿದ್ದು ಬಿಡು," ಎಂದ. ಬಾರ್ನಿ ಅಂದೇ ಸಂಜೆ ಸತ್ತಿತು. ಫ್ಲೋರಾ ಉಳಿಯಿತು, ಆದರೆ ಅದರ ಗುಂಡಿಗೆ ಹಾಳಾಗಿತ್ತು; ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮತ್ತೆಂದೂ ಅದನ್ನು ಬಂಡಿಗೆ ಕಟ್ಟಲಿಲ್ಲ.

ಎಲ್ಡನ್ ತಂಗಿಯನ್ನು ಬೈಯಲಿಲ್ಲ. ಕ್ರಿಸ್‌ಮಸ್ಸಿಗೆ ಎಂದಿನಂತೆ ಅವಳ ಮನೆಗೆ ಬಂದ. ಗಸಗಸೆ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನು ತಿಂದ. ಆದರೆ ಫ್ಲೋರಾಳ ಓಟ್ಸನ್ನು ಮಾತ್ರ ಅವನು ನದಿಯಾಚೆಯ ಊರಿನ ಗಿರಣಿಯಿಂದ ತರತೊಡಗಿದ. ಆ ಚೀಲಗಳು ಅವನ ಗಾಡಿಯಲ್ಲಿರುವುದನ್ನು ಡೊರೀನ್ ಚರ್ಚಿನ ಮುಂದೆ ನೋಡಿದಳು. ಏನೂ ಕೇಳಲಿಲ್ಲ. ಕೇಳಲು ತನಗೆ ಯಾವ ಮುಖವಿದೆ ಎಂದುಕೊಂಡಳು.

ಅಂದಿನಿಂದ ಅವಳು ಅಣ್ಣನ ಕೊಟ್ಟಿಗೆಯ ಕಡೆ ಕಾಲಿಡಲಿಲ್ಲ. ಒಮ್ಮೆ ಅವನೇ ಕರೆದ: "ಗೊರಸು ಕತ್ತರಿಸೋನು ಬರ್ತಾನೆ. ಫ್ಲೋರಾನ ಹಿಡ್ಕೊಳ್ಳೋಕೆ ಬರ್ತೀಯೇನೇ? ನೀನು ಹಿಡಿದ್ರೆ ಸುಮ್ಮನೆ ನಿಲ್ತಾಳೆ."

"ಆಗಲ್ಲ ಕಣೋ, ಗಿರಣೀಲಿ ಕೆಲಸ ಇದೆ."

ಅಂದು ಗಿರಣಿಗೆ ರಜೆ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಮತ್ತೆ ಕರೆಯಲಿಲ್ಲ. ಪೇಟೆಗೆ ಹೋಗುವಾಗೆಲ್ಲ ಅವಳು ಅವನ ಹುಲ್ಲುಗಾವಲಿನ ಬೇಲಿಯ ಬಳಿ ಗಾಡಿ ನಿಧಾನ ಮಾಡುತ್ತಿದ್ದಳು. ದೂರದಲ್ಲಿ ಫ್ಲೋರಾ ತಲೆ ತಗ್ಗಿಸಿ ಮೇಯುತ್ತಿರುತ್ತಿತ್ತು. ಇಳಿದು ಹೋಗಲು ಮಾತ್ರ ಕಾಲು ಬರುತ್ತಿರಲಿಲ್ಲ. ಹೀಗೇ ವರ್ಷಗಳು ಉರುಳಿದವು.

ಒಂದು ಶರತ್ಕಾಲದ ಬೆಳಿಗ್ಗೆ ಎಲ್ಡನ್‌ನ ಫೋನ್ ಬಂತು. "ಫ್ಲೋರಾ ಹೋದಳು. ನಿದ್ದೇಲೇ ಹೋಗಿದ್ದಾಳೆ, ಸಂಕಟ ಪಡಲಿಲ್ಲ. ಮಣ್ಣು ಮಾಡೋಕೆ ಮುಂಚೆ ಬಾರೇ."

ಈ ಸಲ ಡೊರೀನ್ ಹೋದಳು. ಹುಲ್ಲಿನ ಮೇಲೆ ಮಲಗಿದ್ದ ಆ ದೊಡ್ಡ ಮೈಯ ಪಕ್ಕ ಮಂಡಿಯೂರಿ, ನೆರೆತ ಹಣೆಯ ಮೇಲೆ ಕೈಯಿಟ್ಟಳು. ಇಷ್ಟು ವರ್ಷ ತಡೆದಿದ್ದ ಅಳು ಒಮ್ಮೆಗೇ ಬಂತು.

"ಕೊನೇ ತನಕಾನೂ ಆ ಊರಿನ ಕಾಳು ಇವಳಿಗೆ ಹಿಡಿಸಲೇ ಇಲ್ಲ," ಎಂದ ಎಲ್ಡನ್. "ಮೂಸಿ ಮೂಸಿ ತಿನ್ನೋಳು. ನೀನು ಕಲಸಿದ್ದಾಗಿದ್ರೆ ಬಕೆಟ್ಟೇ ನೆಕ್ಕೋಳು."

"ಮತ್ಯಾಕೆ ಅಲ್ಲಿಂದ ತಂದೆ? ನನ್ನ ಮೇಲೆ ನಂಬಿಕೆ ಹೋಯ್ತು ಅಂತ ತಾನೇ?"

ಎಲ್ಡನ್ ಅವಳನ್ನೇ ನೋಡಿದ. "ನಂಬಿಕೆನಾ? ಹುಚ್ಚೀ. ನಾನು ಬಂದು ನಿಂತಾಗೆಲ್ಲ ನೀನು ಬಾರ್ನಿನ ನೆನೆಸ್ಕೊಂಡು ಕಲಸಬೇಕಾಗತ್ತಲ್ಲ ಅಂತ. ನಿನಗೆ ಆ ಹಿಂಸೆ ಯಾಕೆ ಅಂತ ಅಷ್ಟು ದೂರ ಹೋಗ್ತಿದ್ದೆ."

"ಒಂದು ಮಾತು ಹೇಳಬಾರದಿತ್ತೇನೋ?"

"ನೀನು ಕೇಳಬಾರದಿತ್ತೇನೇ?"

ಪಕ್ಕದ ತೋಟದವನು ಗುಂಡಿ ತೋಡಲು ಟ್ರ್ಯಾಕ್ಟರ್ ತಂದ. ಬಾರ್ನಿಯ ಪಕ್ಕದಲ್ಲೇ ಫ್ಲೋರಾಳನ್ನು ಇಳಿಸಿದರು.

ಎಲ್ಡನ್ ಮತ್ತೆ ಕುದುರೆ ಕೊಳ್ಳಲಿಲ್ಲ. ಸೊಂಟ ಹಿಡಿದಿತ್ತು, ವಯಸ್ಸೂ ಆಗಿತ್ತು. ಅವನಿಗಾಗಿ ಕಲಸಿಕೊಡಲು ಡೊರೀನ್‌ಗೆ ಇನ್ನೇನೂ ಉಳಿದಿರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಅವಳು ಅಣ್ಣನ ಮನೆಗೆ ಹೋಗತೊಡಗಿದಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಇಬ್ಬರೂ ಇಸ್ಪೀಟು ಆಡುತ್ತಿದ್ದರು. ಕೆಲವೊಮ್ಮೆ ಆಟದ ನಡುವೆ ಕಿಟಕಿಯಾಚೆಯ ಹುಲ್ಲುಗಾವಲು ಕಣ್ಣಿಗೆ ಬಿದ್ದು ಅವಳ ಕೈ ನಿಂತುಬಿಡುತ್ತಿತ್ತು. ಅಷ್ಟು ವರ್ಷ ಫ್ಲೋರಾ ಅಲ್ಲೇ ಮೇಯುತ್ತಿತ್ತು. ಬೇಲಿ ದಾಟಿ ಒಂದು ಹಿಡಿ ಓಟ್ಸ್ ಹಿಡಿದು ನಿಂತಿದ್ದರೆ ತಾನಾಗಿಯೇ ಬರುತ್ತಿತ್ತು.

"ಎಸಿಯೇ, ನಿಂದೇ ಸರದಿ," ಎನ್ನುತ್ತಿದ್ದ ಎಲ್ಡನ್.

ಡೊರೀನ್ ಕೈಗೆ ಸಿಕ್ಕ ಎಲೆಯನ್ನು ಎಸೆಯುತ್ತಿದ್ದಳು.